ಸಾಕು ಎನ್ನುವ ಯಂತ್ರ

ಒಲೆ ಹೊತ್ತಿಸುವುದು ಅಂಥ ದೊಡ್ಡ ವಿದ್ಯೆಯೇನಲ್ಲ. ಒಣಗಿದ ಸೌದೆ, ಒಂದಿಷ್ಟು ತೆಂಗಿನ ಗರಿ, ಒಂದು ಬೆಂಕಿಕಡ್ಡಿ ಇದ್ದರೆ ಯಾರು ಬೇಕಾದರೂ ಹೊತ್ತಿಸಿಯಾರು. ಉರಿಯುತ್ತಿರುವ ಬೆಂಕಿಗೆ ‘ಇಷ್ಟು ಸಾಕು’ ಎಂದು ಹೇಳುವುದಿದೆಯಷ್ಟೆ, ಅದು ವಿದ್ಯೆ. ಮೈಸೂರಿನ ನಮ್ಮ ಹಳೆಯ ಮನೆಯ ಬಚ್ಚಲಿನಲ್ಲಿ ಈ ವಿದ್ಯೆ ನಮ್ಮ ತಾಯಿಯವರ ಬೆರಳ ತುದಿಯಲ್ಲಿತ್ತು. ಹಂಡೆಯ ನೀರಿಗೆ ಬೆರಳದ್ದಿ, “ಸಾಕು, ಕೊಳ್ಳಿ ಹಿಂದಕ್ಕೆಳಿ” ಎನ್ನುವರು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬೆರಳು. “ಇನ್ನೊಂದು ಸೌದೆ ಇಡು” ಎನ್ನುವರು. ಯಾರ ಸ್ನಾನ ಎಷ್ಟು ಹೊತ್ತಿಗೆ ಎಂಬುದೂ ಅವರಿಗೆ ಬಾಯಿಪಾಠ. ತಂದೆಯವರಿಗೆ ಆರೂವರೆಗೆ, ಸ್ಕೂಲಿಗೆ ಹೋಗುವ ನಮಗೆ ಎಂಟಕ್ಕೆ, ಅಜ್ಜಿಗೆ ಬಿಸಿಲೇರಿದ ಮೇಲೆ ಹತ್ತಕ್ಕೆ. ಅದೂ ಉಳಿದವರಿಗಿಂತ ಒಂದು ಹದ ಹೆಚ್ಚು ಬಿಸಿ.

ಹೀಗೆ, ಬೆಂಕಿಯನ್ನು ಆಳಲು ಎರಡು ತಿಳಿವಳಿಕೆ ಬೇಕು. ಯಾವಾಗ ಎಂಬುದು ಒಂದು, ಎಷ್ಟು ಎಂಬುದು ಮತ್ತೊಂದು. ಇಂಗ್ಲೆಂಡಿನ ಮನೆಗಳಲ್ಲಿ ಈ ಎರಡನ್ನೂ ಗೋಡೆಗೆ ಅಂಟಿಸಿದ ಎರಡು ಪುಟ್ಟ ಪೆಟ್ಟಿಗೆಗಳಿಗೆ ಒಪ್ಪಿಸಿಬಿಟ್ಟಿದ್ದಾರೆ. ಯಾವಾಗ ಎಂದು ಹೇಳುವುದು ಟೈಮರ್. ಎಷ್ಟು ಎಂದು ಹೇಳುವುದು ಥರ್ಮೋಸ್ಟಾಟ್. ೨೦೨೩ರ ಡಿಸೆಂಬರಿನಲ್ಲಿ ಲೆಸ್ಟರ್ ಪಟ್ಟಣದಲ್ಲಿರುವ ನಮ್ಮ ಅಕ್ಕನ ಮನೆಯಲ್ಲಿ ಈ ಎರಡು ಪೆಟ್ಟಿಗೆಗಳನ್ನೂ ಕಳಚಿ ಹೊಸವನ್ನು ಕೂರಿಸುವ ಕೆಲಸದಲ್ಲಿ ನಾನೂ ಕೈಹಾಕಿದೆ. ಕನ್ನಡ ಎಂ.ಎ. ಮಾಡಿದವನಿಗೂ ಈ ಕೆಲಸಕ್ಕೂ ಏನು ಸಂಬಂಧ ಎಂದು ಕೇಳಿದರೆ, ಇದೆ, ಮುಂದೆ ಹೇಳುತ್ತೇನೆ.

ಮೊದಲು ಆ ಮನೆಯ ಒಲೆಯ ವಿಚಾರ. ಲೆಸ್ಟರಿನಲ್ಲಿ ಒಂದಕ್ಕೊಂದು ಅಂಟಿಕೊಂಡ ಕೆಂಪು ಇಟ್ಟಿಗೆಯ ಮನೆಗಳ ಸಾಲುಗಳು ಬಹಳ. ಅಕ್ಕನದು ಅಂಥ ಒಂದು ಹಳೆಯ ಮನೆ. ಹೊಸ ಮನೆಗಳ ಗೋಡೆಯಲ್ಲಿ ಇರುವಂತೆ ಇದರ ಗೋಡೆಯ ನಡುವೆ ಪೊಳ್ಳಿಲ್ಲ. ಒಳಗಿನ ಶಾಖ ಬಹು ಬೇಗ ಹೊರಗೆ ಹೊರಟುಹೋಗುತ್ತದೆ. ಅಡಿಗೆಮನೆಯ ಗೋಡೆಯ ಮೇಲೆ ಬಾಯ್ಲರ್ ಇದೆ. ಅದರೊಳಗೆ ಅನಿಲ ಉರಿದು ನೀರು ಕಾಯುತ್ತದೆ. ಆ ನೀರನ್ನು ಒಂದು ಪಂಪು ಕೊಳವೆಗಳಲ್ಲಿ ನೂಕಿ, ಕೋಣೆಕೋಣೆಯ ಗೋಡೆಗೂ ಒರಗಿಸಿದ ಕಬ್ಬಿಣದ ರೇಡಿಯೇಟರುಗಳ ಮೂಲಕ ಸುತ್ತಿಸಿ ಮತ್ತೆ ಬಾಯ್ಲರಿಗೆ ತರುತ್ತದೆ. ಇದೇ ಸೆಂಟ್ರಲ್ ಹೀಟಿಂಗ್. ಮನೆಗೆಲ್ಲ ಒಂದೇ ಹಂಡೆ, ಒಂದೇ ಒಲೆ. ಸ್ನಾನ ಮಾತ್ರ ಮನುಷ್ಯರಿಗಲ್ಲ, ಮನೆಗೆ.

ನಮ್ಮ ತಾಯಿಯವರು ಆ ಸೆಪ್ಟೆಂಬರಿನಲ್ಲಿ ಅಲ್ಲಿಗೆ ಹೋಗಿದ್ದರು. ಆರು ತಿಂಗಳ ವೀಸಾ. ಚಳಿಗಾಲ ಬಲಿಯುವ ಮೊದಲು ಕರೆದುಕೊಂಡು ಬರುವುದೆಂದು ಯೋಚಿಸಿದ್ದೆವು. ಮೊಮ್ಮಗಳ ಮಾತಿಗೆ ಕಟ್ಟುಬಿದ್ದು ನಿಂತರು. ನಾನು ರಜೆ ಹಾಕಿ ಹೊರಟದ್ದು ಡಿಸೆಂಬರಿನ ಮಧ್ಯದಲ್ಲಿ. ಆ ದಿನಗಳಲ್ಲಿ ಅಲ್ಲಿ ಬೆಳಗಾಗುವುದು ಎಂಟು ದಾಟಿದ ಮೇಲೆ; ಮಧ್ಯಾಹ್ನ ನಾಲ್ಕಕ್ಕೆ ದೀಪ ಹಚ್ಚಬೇಕು. ನಡುವೆ ಸೂರ್ಯ ಬಂದರೂ ಬೇಡದ ನೆಂಟನ ಮನೆಗೆ ಬಂದವನಂತೆ ಬಾಗಿಲಲ್ಲೇ ನಿಂತು ಹೋಗುತ್ತಾನೆ.

ನಾನು ಹೋದ ನಾಲ್ಕನೆಯ ದಿನ, ಒಂದು ಶುಕ್ರವಾರ ರಾತ್ರಿ, ಟೈಮರ್ ನಿಂತುಹೋಯಿತು. ಅದು ಬಹಳ ಹಳೆಯದು. ಮುಂದುಗಡೆ ಇಪ್ಪತ್ನಾಲ್ಕು ಗಂಟೆಯ ಒಂದು ಬಿಲ್ಲೆ. ಬಿಲ್ಲೆಯ ಅಂಚಿಗೆ ನಾಲ್ಕು ಕೀಲುಗಳು. ಬಿಲ್ಲೆ ದಿನಕ್ಕೊಮ್ಮೆ ತಿರುಗುತ್ತದೆ. ಒಂದು ಕೀಲು ಬಂದು ಸ್ವಿಚ್ಚನ್ನು ತಾಕಿದರೆ ಒಲೆ ಹೊತ್ತುತ್ತದೆ, ಮುಂದಿನ ಕೀಲು ತಾಕಿದರೆ ಆರುತ್ತದೆ. ಬೆಳಿಗ್ಗೆಗೆ ಒಂದು ಜೊತೆ, ಸಂಜೆಗೆ ಒಂದು ಜೊತೆ. ಒಳಗಿನ ಹಲ್ಲುಚಕ್ರ ಸವೆದು ಬಿಲ್ಲೆ ಅಲುಗದಾಯಿತು. ಭಾವ ಎರಡು ಮೂರು ಕಡೆ ಫೋನು ಮಾಡಿದರು. ಒಬ್ಬರು ಕ್ರಿಸ್ಮಸ್ ಮುಗಿಯಲಿ ಎಂದರು. ಇನ್ನೊಬ್ಬರು ಬಂದು ನೋಡಿಹೋಗುವುದಕ್ಕೇ ಹೇಳಿದ ಮೊತ್ತ ಕೇಳಿ ಅಮ್ಮ, ಆ ಪೌಂಡನ್ನು ರೂಪಾಯಿ ಮಾಡಿ ನೋಡಿ, “ಅಷ್ಟರಲ್ಲಿ ನಮ್ಮನೇಗೆಲ್ಲ ಸುಣ್ಣ ಬಣ್ಣ ಮಾಡಿಸಬಹುದಲ್ಲೋ” ಎಂದರು.

“ಮೇಷ್ಟ್ರೇ, ನಾವೇ ಹಾಕೋಣ. ನೀವು ಜೊತೆಗೆ ಇದ್ದರೆ ಸಾಕು,” ಎಂದರು ಭಾವ.

ನಮ್ಮ ಊರಿನ ಮಧ್ಯಮ ವರ್ಗದ ಗೃಹಸ್ಥನಿಗೆ ಈ ಮಾತು ಸ್ವಲ್ಪ ವಿಚಿತ್ರವಾಗಿ ಕೇಳುತ್ತದೆ. ನಮ್ಮಲ್ಲಿ ನಲ್ಲಿ ಸೋರಿದರೆ ಪ್ಲಂಬರ್, ಫ್ಯಾನು ನಿಂತರೆ ಎಲೆಕ್ಟ್ರಿಷಿಯನ್, ಮೊಳೆ ಹೊಡೆಯಬೇಕಾದರೂ ಬೀದಿಯ ಕೊನೆಯ ಬಡಗಿ. ಅವರು ಕೆಲಸ ಮಾಡುತ್ತಿರುವಾಗ ಹಿಂದೆ ನಿಂತು, “ಸರಿಯಾಗಿ ಬಿಗಿ ಮಾಡಪ್ಪ” ಎಂದು ಹೇಳುವುದೇ ನಮ್ಮ ಪಾಲಿನ ದುಡಿಮೆ. ಕೂಲಿ ಅಗ್ಗವಾದ ದೇಶದಲ್ಲಿ ಕೈಕೆಲಸ ಅಗ್ಗದ ಕೆಲಸವೆಂದು ನಾವು ತಿಳಿದಿದ್ದೇವೆ. ಅಲ್ಲಿ ಕೂಲಿ ದುಬಾರಿ. ಆದ್ದರಿಂದ ಡಾಕ್ಟರೂ ವಕೀಲರೂ ಭಾನುವಾರ ಹಳೆಯ ಪ್ಯಾಂಟು ಹಾಕಿಕೊಂಡು ತಮ್ಮ ಮನೆಗೆ ತಾವೇ ಬಣ್ಣ ಹೊಡೆಯುತ್ತಾರೆ. ಶನಿವಾರ ಬೆಳಿಗ್ಗೆ ನಾವು ಹೋದ ಅಂಗಡಿಯಲ್ಲಿ ಜಿಲ್ಲಾ ಗ್ರಂಥಾಲಯದ ಪುಸ್ತಕದ ಬೀರುಗಳಂತೆ ಸಾಲುಸಾಲಾಗಿ ಸ್ವಿಚ್ಚು, ತಂತಿ, ಕೊಳವೆ, ತಿರುಪು. ಕೊಳ್ಳುವವರಲ್ಲಿ ತಲೆ ನರೆತ ಮಹನೀಯರೇ ಹೆಚ್ಚು.

ಆದರೆ ಎಲ್ಲವನ್ನೂ ಮುಟ್ಟುವ ಹಾಗಿಲ್ಲ. ಬಾಯ್ಲರಿನ ಮುಚ್ಚಳ ತೆಗೆದು ಅನಿಲದ ಭಾಗಕ್ಕೆ ಕೈಹಾಕುವುದು ನೋಂದಾಯಿತರಾದ ಕೆಲಸಗಾರರಿಗೆ ಮಾತ್ರ ಸೇರಿದ್ದು. ೨೦೦೯ರಿಂದ ಅಲ್ಲಿ ಅಂಥವರ ಪಟ್ಟಿಗೆ ‘ಗ್ಯಾಸ್ ಸೇಫ್ ರಿಜಿಸ್ಟರ್’ ಎಂದು ಹೆಸರು. ಅನಿಲ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ, ಬಣ್ಣವಿಲ್ಲ. ಮಲಗಿದವರು ಮಲಗಿದ ಹಾಗೆಯೇ ಹೋಗಿಬಿಡುತ್ತಾರೆ. ಆದ್ದರಿಂದ ಆ ಕಟ್ಟು ನ್ಯಾಯವಾದದ್ದೇ. ಟೈಮರು, ಥರ್ಮೋಸ್ಟಾಟುಗಳ ಮಾತು ಬೇರೆ. ಅವು ಬಾಯ್ಲರಿನ ಹೊರಗೆ ಇರುವ ಕೇವಲ ಸ್ವಿಚ್ಚುಗಳು. ಬಾಯ್ಲರಿಗೆ ‘ಉರಿ’, ‘ಸಾಕು’ ಎಂದು ಸುದ್ದಿ ಕಳುಹಿಸುತ್ತವೆಯೇ ಹೊರತು ಉರಿಯನ್ನು ಮುಟ್ಟುವುದಿಲ್ಲ. ಆದರೂ ಒಳಗೆ ಹರಿಯುವುದು ೨೩೦ ವೋಲ್ಟಿನ ವಿದ್ಯುತ್ತು. ಅದು ಕನ್ನಡ ಮೇಷ್ಟರೆಂದು ಮರ್ಯಾದೆ ತೋರಿಸುವುದಿಲ್ಲ.

ಆದ್ದರಿಂದ ಮೊದಲ ಕೆಲಸ ಕರೆಂಟು ತೆಗೆಯುವುದು. ಈ ಇಡೀ ಏರ್ಪಾಟಿಗೆ ಗೋಡೆಯ ಮೇಲೆ ಒಂದು ಪ್ರತ್ಯೇಕ ಸ್ವಿಚ್ಚು, ಅದರಲ್ಲಿ ೩ ಆಂಪಿಯರಿನ ಫ್ಯೂಸು. ಭಾವ ಸ್ವಿಚ್ಚು ಆರಿಸಿ, ಫ್ಯೂಸನ್ನು ಕಿತ್ತು ತಮ್ಮ ಜೇಬಿಗೆ ಹಾಕಿಕೊಂಡರು. ಸ್ವಿಚ್ಚನ್ನು ಮಗು ಬಂದು ಒತ್ತೀತು. ಜೇಬಿನೊಳಗಿನ ಫ್ಯೂಸನ್ನು ಯಾರು ಒತ್ತಬಲ್ಲರು? ಆಮೇಲೆ ಪರೀಕ್ಷೆ. ಕರೆಂಟು ಇದೆಯೆಂದು ಗೊತ್ತಿರುವ ಕಡೆ ಟೆಸ್ಟರ್ ಇಟ್ಟು ಅದು ಸರಿಯಾಗಿದೆಯೆಂದು ನೋಡುವುದು. ಆಮೇಲೆ ಕೆಲಸ ಮಾಡುವ ಜಾಗದಲ್ಲಿ ಇಟ್ಟು ಕರೆಂಟು ಇಲ್ಲವೆಂದು ನೋಡುವುದು. ತಿರುಗಿ ಮೊದಲಿನ ಜಾಗದಲ್ಲಿಟ್ಟು, ನಡುವೆ ಟೆಸ್ಟರೇ ಕೆಟ್ಟಿಲ್ಲವೆಂದು ನೋಡುವುದು. ಒಂದು ಪ್ರಶ್ನೆಗೆ ಮೂರು ಸಲ ಉತ್ತರ ಕೇಳುವ ಈ ಕ್ರಮ ನನಗೆ ಬಹಳ ಹಿಡಿಸಿತು. ಪರೀಕ್ಷಕರನ್ನೂ ಪರೀಕ್ಷಿಸುವ ಪದ್ಧತಿ ನಮ್ಮ ವಿಶ್ವವಿದ್ಯಾನಿಲಯಗಳಲ್ಲಿ ಇನ್ನೂ ಬರಬೇಕಾಗಿದೆ.

ಕನ್ನಡ ಎಂ.ಎ.ಗೆ ಕೆಲಸ ಬಿದ್ದದ್ದು ಇಲ್ಲಿಂದ ಮುಂದೆ. ಹಳೆಯ ಟೈಮರನ್ನು ಗೋಡೆಯಿಂದ ಎತ್ತಿದರೆ ಹಿಂದೆ ಒಂದು ಹಲಗೆ, ಹಲಗೆಯಲ್ಲಿ ತಂತಿಗಳ ತುದಿಗಳನ್ನು ತಿರುಪಿನಿಂದ ಬಿಗಿದಿದೆ. ಹೊಸದಕ್ಕೂ ಅಂಥದೇ ಹಲಗೆ. ಈಗಿನ ಬಹುಮಟ್ಟಿನ ಪೆಟ್ಟಿಗೆಗಳಿಗೆ ಒಂದೇ ಮಾದರಿಯ ಹಲಗೆ ರೂಢಿಯಲ್ಲಿದೆ: ಎನ್, ಎಲ್, ಆಮೇಲೆ ಒಂದರಿಂದ ನಾಲ್ಕರ ತನಕ ಅಂಕಿ. ಎನ್ ಎಂದರೆ ನ್ಯೂಟ್ರಲ್. ಎಲ್ ಎಂದರೆ ನಾವು ಫೇಸ್ ಎನ್ನುವುದು. ಒಂದು ಬಿಸಿನೀರು ‘ಸಾಕು’, ಎರಡು ಮನೆಯ ಶಾಖ ‘ಸಾಕು’, ಮೂರು ಬಿಸಿನೀರು ‘ಬೇಕು’, ನಾಲ್ಕು ಶಾಖ ‘ಬೇಕು’. ಆದರೆ ನಮ್ಮ ಹಳೆಯ ಹಲಗೆಯ ಅಂಕಿಗಳ ಕ್ರಮವೇ ಬೇರೆ. ಹಳೆಯದರಲ್ಲಿ ಮೂರರಲ್ಲಿದ್ದ ತಂತಿಯನ್ನು ಹೊಸದರ ಮೂರಕ್ಕೆ ಸಿಕ್ಕಿಸಿದರೆ ಅನರ್ಥವಾದೀತು. ಒಂದೇ ಕಾವ್ಯದ ಎರಡು ಓಲೆಪ್ರತಿಗಳನ್ನು ಎದುರಿಗಿಟ್ಟುಕೊಂಡು ಪಾಠ ಹೋಲಿಸುವವರಿಗೆ ಇದು ಪರಿಚಿತವಾದ ಕಷ್ಟ. ನಾನು ಕಾಗದ ತೆಗೆದುಕೊಂಡು ಹಳೆಯ ಪ್ರತಿಯ ಪ್ರತಿಯೊಂದು ತಂತಿಗೂ ಅದರ ಸ್ಥಾನ, ಅದರ ಅರ್ಥ, ಹೊಸ ಪ್ರತಿಯಲ್ಲಿ ಅದಕ್ಕೆ ಸಲ್ಲುವ ಸ್ಥಾನ, ಹೀಗೆ ಮೂರು ಅಂಕಣ ಬರೆದೆ. ತಂತಿಗೊಂದು ಚೀಟಿ ಅಂಟಿಸಿದೆ. ಅಕ್ಕನ ಮಗಳು ಫೋಟೋ ಹಿಡಿದಳು.

ಬಣ್ಣವನ್ನು ನಂಬಿದರೆ ಕೆಟ್ಟಿರಿ. ಆ ದೇಶದಲ್ಲಿ ಹಿಂದೆ ನಮ್ಮ ಹಾಗೆಯೇ ಕೆಂಪು ಫೇಸು, ಕಪ್ಪು ನ್ಯೂಟ್ರಲ್ ಇತ್ತು. ೨೦೦೪ರಿಂದ ಕಂದು ಮತ್ತು ನೀಲಿಗೆ ಬದಲಾಯಿಸಿದರು. ಹಳೆಯ ಮನೆಯಲ್ಲಿ ಎರಡು ಕಾಲದ ತಂತಿಗಳೂ ಒಟ್ಟಿಗೆ ಇರುತ್ತವೆ. ಸಾಲದ್ದಕ್ಕೆ, ನೀಲಿಯನ್ನು ನ್ಯೂಟ್ರಲಿಗೆ ಬಳಸದೆ ‘ಬೇಕು’ ಎಂದು ಹೇಳಿಕಳುಹಿಸುವ ಕರೆಂಟಿನ ತಂತಿಯಾಗಿಯೇ ಬಳಸಿರುವುದೂ ಉಂಟು. ಬರಿಯ ನಿಘಂಟು ಹಿಡಿದು ಹಳಗನ್ನಡ ಓದುವವನ ಗತಿಯೇ ಬಣ್ಣ ನೋಡಿ ತಂತಿ ಸಿಕ್ಕಿಸುವವನದೂ. ಶಬ್ದಕ್ಕೆ ಅರ್ಥ ಬರುವುದು ಅದು ನಿಂತ ಜಾಗದಿಂದ.

ಹೊಸ ಜೋಡಿಯಲ್ಲಿ ಇನ್ನೊಂದು ವಿಶೇಷ. ಹಲಗೆಯ ಮೇಲೆ ಕೂರುವುದು ಸುದ್ದಿ ಕೇಳಿಸಿಕೊಳ್ಳುವ ಪೆಟ್ಟಿಗೆ ಮಾತ್ರ. ಗಡಿಯಾರ, ಥರ್ಮೋಸ್ಟಾಟ್ ಎರಡೂ ಇನ್ನೊಂದು ಅಂಗೈಯಗಲದ ಪೆಟ್ಟಿಗೆಯೊಳಗೆ. ಅದು ಬ್ಯಾಟರಿಯಿಂದ ನಡೆಯುತ್ತದೆ; ತಂತಿಯಿಲ್ಲದೆ ರೇಡಿಯೋ ಮೂಲಕ ಮೊದಲನೆಯದರೊಡನೆ ಮಾತಾಡುತ್ತದೆ. ಮೇಜಿನ ಮೇಲೆ ಬೇಕಾದರೆ ಮೇಜಿನ ಮೇಲೆ, ಬೇರೆ ಕೋಣೆಗೆ ಬೇಕಾದರೆ ಆ ಕೋಣೆಗೆ ಒಯ್ಯಬಹುದು. ಬಾಗಿಲ ಬಳಿಯ ಓಣಿಯಲ್ಲಿದ್ದ ಹಳೆಯ ಥರ್ಮೋಸ್ಟಾಟ್ ಇನ್ನು ಬೇಡ. ಅದನ್ನು ಬಿಚ್ಚಿ, ಅದಕ್ಕೆ ಬರುತ್ತಿದ್ದ ಮತ್ತು ಅದರಿಂದ ಬಾಯ್ಲರಿನತ್ತ ಹೋಗುತ್ತಿದ್ದ ತಂತಿಗಳೆರಡನ್ನೂ ಒಟ್ಟಿಗೆ ಕೂಡಿಸಬೇಕು; ಅದರ ನ್ಯೂಟ್ರಲನ್ನು ಬೇರೆಯಾಗಿ ಭದ್ರವಾಗಿ ಮುಚ್ಚಬೇಕು. ಕೂಡಿಸದಿದ್ದರೆ ಸುದ್ದಿ ದಾರಿಯಲ್ಲೇ ನಿಲ್ಲುತ್ತದೆ. ನ್ಯೂಟ್ರಲನ್ನೂ ಜೊತೆಗೆ ಸೇರಿಸಿಬಿಟ್ಟರೆ ಫ್ಯೂಸು ಹಾರುತ್ತದೆ.

ಬಿಚ್ಚಿದ ಹಳೆಯ ಥರ್ಮೋಸ್ಟಾಟನ್ನು ನಾನು ಕಿಟಕಿಯ ಬಳಿ ಒಯ್ದು ನೋಡಿದೆ. ಒಳಗೆ ಎರಡು ಲೋಹಗಳನ್ನು ಬೆನ್ನಿಗೆ ಬೆನ್ನು ಬೆಸೆದ ಒಂದು ಪಟ್ಟಿ. ಕಾದರೆ ಒಂದು ಲೋಹ ಹೆಚ್ಚು ಹಿಗ್ಗುತ್ತದೆ, ಇನ್ನೊಂದು ಕಡಿಮೆ. ಬೆಸೆದುಕೊಂಡಿರುವುದರಿಂದ ಪಟ್ಟಿ ಬಾಗುತ್ತದೆ. ಬಾಗಿದಾಗ ಟಿಕ್ ಎಂದು ಕರೆಂಟು ಕಡಿಯುತ್ತದೆ. ಕೋಣೆ ತಣ್ಣಗಾದರೆ ಮತ್ತೆ ನೆಟ್ಟಗಾಗಿ ಟಿಕ್ ಎಂದು ಕೂಡುತ್ತದೆ. ಇಷ್ಟೇ ಆ ವಿದ್ಯೆ. ಇಂಥ ಎರಡು ಲೋಹದ ಉಪಕರಣಕ್ಕೆ ಥರ್ಮೋಸ್ಟಾಟ್ ಎಂದು ಹೆಸರಿಟ್ಟು ೧೮೩೦ರಲ್ಲಿ ಹಕ್ಕುಪತ್ರ ಪಡೆದವನು ಆಂಡ್ರೂ ಯೂರ್ ಎಂಬ ರಸಾಯನಶಾಸ್ತ್ರಜ್ಞ. ಅದನ್ನು ವಿದ್ಯುತ್ತಿಗೆ ಗಂಟುಹಾಕಿ ಕೋಣೆಯೊಳಕ್ಕೆ ತಂದವನು ನಮ್ಮ ಪಂಗಡದವನೇ, ಎಂದರೆ ಮೇಷ್ಟರು. ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ವೈಟ್‌ವಾಟರ್ ಎಂಬ ಊರಿನಲ್ಲಿ ಉಪಾಧ್ಯಾಯರನ್ನು ತಯಾರುಮಾಡುವ ನಾರ್ಮಲ್ ಸ್ಕೂಲಿನ ಪ್ರೊಫೆಸರು, ವಾರನ್ ಜಾನ್ಸನ್. ಆ ಶಾಲೆಯ ಒಲೆ ಇದ್ದದ್ದು ನೆಲಮಾಳಿಗೆಯಲ್ಲಿ. ಜವಾನ ಆಗಾಗ ಪಾಠದ ನಡುವೆ ಒಳಗೆ ಬಂದು ಉಷ್ಣಮಾಪಕ ನೋಡಿ, ಕೆಳಗಿಳಿದು ಒಲೆ ಸರಿಮಾಡಬೇಕಾಗಿತ್ತು. ಪಾಠಕ್ಕೆ ಭಂಗ. ಜಾನ್ಸನ್ ಕೋಣೆಯಲ್ಲಿ ಒಂದು ಥರ್ಮೋಸ್ಟಾಟ್ ಇಟ್ಟು, ಕೆಳಗೆ ಜವಾನನ ಬಳಿ ಗಂಟೆ ಬಾರಿಸುವಂತೆ ಮಾಡಿದ. ೧೮೮೩ರಲ್ಲಿ ಅದಕ್ಕೆ ಹಕ್ಕುಪತ್ರ ದೊರೆಯಿತು. ಕೋಣೆಯಲ್ಲಿ ಕುಳಿತವರ ಚಳಿ ಒಲೆಯ ಬಳಿ ಇರುವವನಿಗೆ ತಿಳಿಯಬೇಕು. ಅದಕ್ಕಾಗಿ ಹುಟ್ಟಿದ ಯಂತ್ರ ಇದು.

ತಂತಿಗಳನ್ನು ಬಿಗಿದು, ಒಂದೊಂದನ್ನೂ ಮೆಲ್ಲನೆ ಎಳೆದುನೋಡಿ, ಫ್ಯೂಸು ಹಾಕುವ ಮೊದಲು ಭಾವ ಹೊಸ ಥರ್ಮೋಸ್ಟಾಟಿಗೆ ಬ್ಯಾಟರಿ ತುಂಬಿದರು. ಅಮ್ಮ ಕುಳಿತಿದ್ದ ಹಜಾರದ ಮೇಜಿನ ಮೇಲೆ ಇಟ್ಟರು. ಸ್ವಲ್ಪ ಹೊತ್ತಿಗೆ ಅದರ ಮುಖದಲ್ಲಿ ಅಂಕಿ ಮೂಡಿತು: ೧೩ ಡಿಗ್ರಿ. ಮೈಸೂರಿನ ಧನುರ್ಮಾಸದ ಚಳಿ ಇದರ ಮುಂದೆ ಮೆತ್ತಗೆ.

“ಅಯ್ಯೋ ಪಾಪ, ನಿನ್ನೆ ರಾತ್ರಿಯಿಂದ ಎಷ್ಟು ಕೊರೆಸಿಕೊಂಡೆಯೋ ಅಮ್ಮ,” ಎಂದಳು ಅಕ್ಕ.

“ಇವತ್ತಿಂದೇನು ಬಂತು? ಎರಡು ಗಂಟೆ ಹೊತ್ತಿಗೆ ದಿನಾ ಹೀಗೇ ಇರುತ್ತಲ್ಲ,” ಎಂದರು ಅಮ್ಮ. ದೂರು ಹೇಳುವ ದನಿಯಲ್ಲ. ಹಾಲಿನವನು ಇಷ್ಟು ಹೊತ್ತಿಗೆ ಬರುತ್ತಾನೆ ಎನ್ನುವ ದನಿ.

ಅಕ್ಕ ಭಾವನ ಮುಖ ನೋಡಿದಳು. ಭಾವ ಎದ್ದುಹೋಗಿ ಬಿಸಾಡಲು ಇಟ್ಟಿದ್ದ ಹಳೆಯ ಟೈಮರನ್ನು ತಂದರು. ಬಿಲ್ಲೆಯ ಕೀಲುಗಳು ಇದ್ದಲ್ಲೇ ಇದ್ದುವು. ಬೆಳಿಗ್ಗೆ ಆರಕ್ಕೆ ಹೊತ್ತು, ಏಳೂವರೆಗೆ ಆರು. ಸಂಜೆ ಐದಕ್ಕೆ ಹೊತ್ತು, ಹತ್ತಕ್ಕೆ ಆರು. ಏಳೂವರೆಗೆ ಅಕ್ಕ, ಭಾವ, ಮಗಳು ಮೂವರೂ ಮನೆ ಬಿಡುತ್ತಾರೆ. ಐದರ ಮೇಲೆ ಹಿಂತಿರುಗುತ್ತಾರೆ. ವರ್ಷಾನುಗಟ್ಟಲೆ ಆ ಮನೆಯ ದಿನಚರಿ ಅದು. ಅದಕ್ಕೆ ಸರಿಯಾಗಿ ಯಾವತ್ತೋ ಕೂರಿಸಿದ ಕೀಲುಗಳು. ಸೆಪ್ಟೆಂಬರಿನಲ್ಲಿ ಮನೆಗೊಂದು ಜೀವ ಹೆಚ್ಚಾಗಿ ಬಂದಿತು. ಅದಕ್ಕೆ ಮಂಚ ಬಂತು, ರಜಾಯಿ ಬಂತು, ಟೀವಿಯಲ್ಲಿ ಕನ್ನಡ ಚಾನೆಲ್ ಬಂತು. ಆದರೆ ಬಿಲ್ಲೆಯ ಮೇಲೆ ಅದಕ್ಕೊಂದು ಕೀಲು ಬರಲಿಲ್ಲ. ನಡುವಿನ ಒಂಬತ್ತೂವರೆ ಗಂಟೆ ಯಂತ್ರದ ಲೆಕ್ಕದಲ್ಲಿ ಮನೆಯಲ್ಲಿ ಯಾರೂ ಇಲ್ಲ.

“ಹೇಳಬಾರದಾಗಿತ್ತೇನಮ್ಮ?” ಎಂದಳು ಅಕ್ಕ. ಅವಳ ಗಂಟಲು ಕಟ್ಟಿತ್ತು.

“ಹೇಳೋದೇನೇ? ಶಾಲಿದೆ, ಸ್ವೆಟರಿದೆ. ಊಟ ಮಾಡಿ ರಜಾಯಿ ಹೊದ್ದು ಮಲಗಿದರೆ ಹೊತ್ತೇ ಗೊತ್ತಾಗಲ್ಲ. ಅನಿಲದ ಬೆಲೆ ಏರಿಹೋಗಿದೆ ಅಂತ ನೀವೇ ಮಾತಾಡ್ತಿದ್ರಿ. ಒಬ್ಬಳಿಗೋಸ್ಕರ ಮನೆಯೆಲ್ಲ ಯಾಕೆ ಉರಿಸೋದು?”

ಬೆಲೆಯ ಮಾತು ಸುಳ್ಳಲ್ಲ. ೨೦೨೨ರಲ್ಲಿ ಆ ದೇಶದಲ್ಲಿ ಅನಿಲದ ಬೆಲೆ ಏರಿದ ಪರಿಗೆ ಸರ್ಕಾರವೇ ನಡುವೆ ಬಂದು ತಡೆಹಾಕಬೇಕಾಯಿತು. ಊಟದ ಮೇಜಿನಲ್ಲಿ ಗಂಡಹೆಂಡಿರು ಆಡಿಕೊಂಡ ಮಾತನ್ನು ಅಮ್ಮ ತಮಗೆ ಹೇಳಿದ ಮಾತೆಂದು ತೆಗೆದುಕೊಂಡಿದ್ದರು. ಇವರು ಕೇಳಲಿಲ್ಲ, ಅವರು ಹೇಳಲಿಲ್ಲ. ಗೋಡೆಯ ಮೇಲಿನ ಪೆಟ್ಟಿಗೆ ಇಬ್ಬರ ಮೌನಕ್ಕೂ ಮುದ್ರೆಯೊತ್ತಿ ದಿನಾ ಏಳೂವರೆಗೆ ಒಲೆ ಆರಿಸುತ್ತ ಬಂತು. ಯಂತ್ರದ ತಪ್ಪಿಲ್ಲ. ಅಜ್ಜಿಯ ಹತ್ತು ಗಂಟೆಯ ಸ್ನಾನವನ್ನು ಯಾರೂ ನೆನಪಿಸದೆ ನೆನಪಿಡುವುದು ಬೆರಳಿಗೆ ಸಾಧ್ಯ, ಬಿಲ್ಲೆಗೆ ಸಾಧ್ಯವಿಲ್ಲ. ಅದಕ್ಕೆ ಹೇಳಬೇಕು.

ಫ್ಯೂಸು ಹಾಕಿದೆವು. ಭಾವ ಗುಂಡಿ ಒತ್ತಿದರು. ಒಳಗೆ ಬಾಯ್ಲರು ಗುಡುಗುಟ್ಟಿತು. ಕಾಲುಗಂಟೆಯೊಳಗೆ ರೇಡಿಯೇಟರು ಕೈಯಿಡುವಷ್ಟು ಬಿಸಿಯಾಯಿತು. ಆಮೇಲೆ ಹೊತ್ತು ಗೊತ್ತುಮಾಡುವ ಮಾತುಕತೆ. ಅಕ್ಕ ದಿನವೆಲ್ಲ ೨೧ ಇರಲಿ ಎಂದಳು. ಅಮ್ಮ ಬೇಡವೇ ಬೇಡ ಎಂದರು. ಮನೆಯೊಳಗೆ ೧೮ ಡಿಗ್ರಿಗಿಂತ ಕೆಳಗಿಳಿಯದಿದ್ದರೆ ಆರೋಗ್ಯಕ್ಕೆ ಮೋಸವಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೧೮ರಲ್ಲಿ ಹೇಳಿದೆ. ಮುದುಕರಿಗೆ ಇನ್ನೂ ಸ್ವಲ್ಪ ಹೆಚ್ಚು ಬೇಕಾದೀತು. ಕೊನೆಗೆ ಬೆಳಗಿನಿಂದ ರಾತ್ರಿಯ ತನಕ ೧೯ ಎಂದು ಒಪ್ಪಂದವಾಯಿತು. ಯಾರೂ ಮಲಗದ ಮಹಡಿಯ ಕೋಣೆಯ ರೇಡಿಯೇಟರನ್ನು ತಿರುಗಿಸಿ ತಗ್ಗಿಸಿ ಖರ್ಚಿಗೆ ಒಂದಿಷ್ಟು ಸರಿತೂಗಿಸಿದೆವು. ಥರ್ಮೋಸ್ಟಾಟಿಗೆ ಅಮ್ಮ ಕೂರುವ ಕುರ್ಚಿಯ ಪಕ್ಕದ ಮೇಜೇ ಕಾಯಂ ಜಾಗವಾಯಿತು. ಬಾಗಿಲ ಬಳಿಯ ಓಣಿಯ ಚಳಿಯನ್ನು ಅಳೆದು ಯಾರಿಗೆ ಏನಾಗಬೇಕು?

ಭಾವ ಅಮ್ಮನಿಗೆ ಎರಡು ಗುಂಡಿ ತೋರಿಸಿದರು. “ನೋಡಿ ಅತ್ತೆ, ಇದು ಬೇಕು, ಇದು ಸಾಕು. ಯಾರನ್ನೂ ಕೇಳಬೇಡಿ.”

“ಒತ್ತಿದರೆ ಬಾಯ್ಲರಿಗೆ ಏನೂ ಆಗಲ್ಲ ತಾನೆ?” ಎಂದು ಎರಡು ಸಲ ಕೇಳಿದರು. ಆಗುವುದಿಲ್ಲವೆಂದ ಮೇಲೆ ಕನ್ನಡಕ ಸರಿಮಾಡಿಕೊಂಡು, ಬೆರಳು ಚಾಚಿ, ಮೊದಲು ಮಾಡಿದ ಕೆಲಸವೆಂದರೆ ೧೯ನ್ನು ೧೮ ಮಾಡಿದ್ದು. ಅಕ್ಕ ಬಾಯಿ ತೆರೆಯುವಷ್ಟರಲ್ಲಿ ನಾನು ಕಣ್ಸನ್ನೆ ಮಾಡಿದೆ. ಮಾರನೆಯ ಮಧ್ಯಾಹ್ನ ನೋಡಿದಾಗ ಅದು ೧೯ಕ್ಕೆ ಬಂದಿತ್ತು. ಸೋಮವಾರ ಸಂಜೆ, ಮಳೆ ಗಾಳಿ ಜೋರಾಗಿದ್ದಾಗ, ೨೦. ಯಾರೂ ಮಾತಾಡಲಿಲ್ಲ.

ಚಳಿದೇಶದಲ್ಲಿ ಮಕ್ಕಳಿರುವ ತಂದೆತಾಯಿಗಳು, ಅಲ್ಲಿಗೆ ತಂದೆತಾಯಿಯರನ್ನು ಕರೆಸಿಕೊಳ್ಳುವ ಮಕ್ಕಳು ನಮ್ಮ ಬೀದಿಬೀದಿಯಲ್ಲೂ ಇದ್ದಾರೆ. ಫೋನಿನಲ್ಲಿ ಊಟ ಆಯಿತೆ, ಮಾತ್ರೆ ನುಂಗಿದಿರಾ ಎಂದು ಎಲ್ಲರೂ ಕೇಳುತ್ತೇವೆ. ಎರಡಕ್ಕೂ ‘ಆಯಿತು’ ಎಂಬ ಉತ್ತರ ಮೊದಲೇ ಸಿದ್ಧವಾಗಿರುತ್ತದೆ. ಅದರ ಬದಲು ಹೀಗೆ ಕೇಳಿ ನೋಡಿ: ಮಧ್ಯಾಹ್ನ ಎರಡು ಗಂಟೆಗೆ ಆ ಪೆಟ್ಟಿಗೆಯಲ್ಲಿ ಎಷ್ಟು ಅಂಕಿ ಇತ್ತು? ಸುಮ್ಮನೆ ‘ಬೆಚ್ಚಗಿದೆ’ ಎಂದರೆ ಒಪ್ಪಬೇಡಿ. ಎದ್ದುಹೋಗಿ ನೋಡಿಕೊಂಡು ಬಂದು ಹೇಳಲಿ. ಹೇಳುವ ತನಕ ಫೋನು ಇಡಬೇಡಿ.